ಹತ್ತೊಂಬತ್ತು ದಿನದ ಹಾಜರಿ

ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ನಮ್ಮ ಸೊಸೈಟಿ ರಿಡೆವಲಪ್‌ಮೆಂಟಿಗೆ ಹೋಗುವುದು ಕೊನೆಗೂ ನಿಶ್ಚಯವಾಗಿದೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ, ಗಾಳಿ ತಿರುಗಿದಾಗ ಮಾತ್ರ ಕಾರ್ಖಾನೆಗಳ ವಾಸನೆ ಬರುವ ಕಡೆ, ನಾಲ್ಕು ಅಂತಸ್ತಿನ ಲಿಫ್ಟಿಲ್ಲದ ಕಟ್ಟಡ ನಮ್ಮದು. ಟೆರೇಸ್ ಖಾಲಿ ಮಾಡಬೇಕೆಂದು ಸೆಕ್ರೆಟರಿ ನೋಟಿಸ್ ಅಂಟಿಸಿದ ಮೇಲೆ ಒಬ್ಬೊಬ್ಬರೂ ತಮ್ಮ ಸಾಮಾನು ಇಳಿಸತೊಡಗಿದರು: ಮುರಿದ ಕೂಲರ್, ತುಳಸಿ ಕುಂಡ, ಯಾರದೋ ಮದುವೆ ಕಾಲದ ಗಾದಿ. ನಾನು ಇಳಿಸಿದ್ದು ಎರಡು ಆಳೆತ್ತರದ ಆಂಟೆನಾ, ನೀರಿನ ಟಾಕಿಯ ಕೆಳಗಿನ ಗೂಡಿನಲ್ಲಿದ್ದ ಕಬ್ಬಿಣದ ಪೆಟ್ಟಿಗೆ ಮತ್ತು ಉದ್ದನೆಯ ಆರು ಅಲ್ಯೂಮಿನಿಯಂ ಡಬ್ಬಿಗಳು. ಕೆಳಗಿನ ಮನೆಯ ಮರಾಠಿ ವಹಿನಿ ಮೆಟ್ಟಿಲಲ್ಲಿ ನಿಂತು, "ಹೇ ಕಾಯ್ ಗ, ರಾಕೆಟ್?", ಇದೇನೇ ರಾಕೆಟ್ಟಾ, ಎಂದು ಕೇಳಿದರು. ರಿಪೀಟರ್ ಎಂದೆ. ಅವರಿಗೆ ಇನ್ನಷ್ಟು ಗೊಂದಲವಾಯಿತು.

ರಿಪೀಟರ್ ಅಂದರೆ ತಿಳಿಯಲು ಕಷ್ಟವಾದದ್ದೇನಲ್ಲ. ಕೈಯಲ್ಲಿ ಹಿಡಿಯುವ ಚಿಕ್ಕ ವೈರ್‌ಲೆಸ್ ಸೆಟ್ಟಿನ ದನಿ ಹತ್ತು ಕಟ್ಟಡ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಅದಕ್ಕೆ ಎತ್ತರದ ಜಾಗದಲ್ಲಿ ಒಂದು ಯಂತ್ರ ಇಡುತ್ತಾರೆ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ನಮ್ಮ ಮಾತು ಕೇಳಿಸಿಕೊಂಡು, ಅದೇ ಗಳಿಗೆಯಲ್ಲಿ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಗಟ್ಟಿಯಾಗಿ ಹೇಳುತ್ತದೆ. ಯಂತ್ರದ ಕೂಗು ಅದರ ಕಿವಿಗೇ ಬಡಿದು ಅದು ಕಿವುಡಾಗದಂತೆ ನೋಡಿಕೊಳ್ಳುವುದು ಆ ಆರು ಡಬ್ಬಿಗಳ ಕೆಲಸ. ಠಾಣೆಯವರ ಮಾತು ಕಲ್ಯಾಣಕ್ಕೆ, ಕಲ್ಯಾಣದವರ ಮಾತು ಐರೋಲಿಗೆ ಮುಟ್ಟುತ್ತಿದ್ದುದು ಹೀಗೆ. ನಾವೆಲ್ಲ ಸರಕಾರದ ಪರೀಕ್ಷೆ ಕಟ್ಟಿ ಪರವಾನಗಿ ಪಡೆದ ಹವ್ಯಾಸಿಗಳು, ಹ್ಯಾಮ್‌ಗಳು. "ಮೊಬೈಲ್ ಇರುವಾಗ ಇದೆಲ್ಲ ಯಾಕೆ?" ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಮಾರ್ಕೆಟ್ಟಿನಲ್ಲಿ ಹೂವು ಸಿಗುವಾಗ ಬಾಲ್ಕನಿಯಲ್ಲಿ ಗಿಡ ಯಾಕೆ ಎಂದು ಅವರನ್ನು ಯಾರೂ ಕೇಳುವುದಿಲ್ಲ.

ಡಬ್ಬಿಗಳನ್ನು ಒರೆಸಿ ಹಾಲ್‌ನಲ್ಲಿ ಸಾಲಾಗಿ ಮಲಗಿಸಿದೆ. ಅವನ್ನು ನೋಡಿದರೆ ನನಗೆ ನೆನಪಾಗುವುದು ಕಾಕಾ. ಅವರು ತೀರಿಕೊಂಡು ಎರಡು ಮಳೆಗಾಲ ಆಯಿತು. ಅವರಿಗೆ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ಕಾಕಾ ನನ್ನ ಸಂಬಂಧಿಕರಲ್ಲ. ಅವರು ಉಡುಪಿಯವರು, ನಾವು ಬಾಗಲಕೋಟೆ ಕಡೆಯವರು. ನಮ್ಮಪ್ಪ ಇಲ್ಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ. ರವಿವಾರ ಬೆಳಿಗ್ಗೆ ನಮ್ಮನ್ನೆಲ್ಲ ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಗಲ್ಲೆಯ ಹಿಂದೆ ಕೂತಿರುತ್ತಿದ್ದ ಮಾಲೀಕರೇ ಕಾಕಾ. ಗಲ್ಲೆಯ ಕೆಳಗಿನಿಂದ ಯಾವಾಗಲೂ ಸೊರ್ರೆಂಬ ಸದ್ದು ಬರುತ್ತಿತ್ತು, ನಡುನಡುವೆ ಯಾರೋ ಮಾತಾಡಿದಂತೆ ಕೇಳುತ್ತಿತ್ತು. ಕಾಲೇಜಿಗೆ ಸೇರಿದ ವರ್ಷ ಧೈರ್ಯ ಮಾಡಿ ಅದೇನೆಂದು ಕೇಳಿಬಿಟ್ಟೆ.

"ಇದು ಹಾಡುವ ರೇಡಿಯೋ ಅಲ್ಲ ಮಾರಾಯ್ತಿ, ಮಾತಾಡುವ ರೇಡಿಯೋ," ಎಂದರು. "ಕಲೀತಿಯಾ?"

ಅಪ್ಪ ಬೇಡವೆನ್ನುವ ಮೊದಲೇ ನಾನು ಹೂಂ ಎಂದಿದ್ದೆ. ಆಗ ಪರೀಕ್ಷೆಗೆ ಮೋರ್ಸ್ ಬರಬೇಕಿತ್ತು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿಗೆ ಕಾಕಾ ಚಮಚದಿಂದ ಸ್ಟೀಲ್ ಲೋಟ ಬಡಿದು ಅಕ್ಷರ ಹೇಳಿಕೊಡುತ್ತಿದ್ದರು. ಲೋಟದ ಸದ್ದು ಕೇಳಿ ವೇಟರ್ ಪ್ರತಿ ಸಲ ಓಡಿ ಬಂದು "ಕ್ಯಾ ಚಾಹಿಯೇ?" ಎನ್ನುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಅವನಿಗೂ ಏಳೆಂಟು ಅಕ್ಷರ ಬರುತ್ತಿದ್ದವು. ನಾನು ಒಂದು ಅಕ್ಷರ ತಪ್ಪಿದರೆ ಕಾಕಾ ಬೈಯುತ್ತಿರಲಿಲ್ಲ, ಲೋಟಕ್ಕೆ ಇನ್ನೊಂದು ಸಲ ಬಡಿಯುತ್ತಿದ್ದರು, ಅಷ್ಟೆ. ಬೈಗುಳ ಕೇಳಿ ಬೆಳೆದ ನನಗೆ ಅದೇ ದೊಡ್ಡ ಆಶ್ಚರ್ಯ.

ನಮ್ಮ ಟೆರೇಸಿನ ರಿಪೀಟರನ್ನು ಕಟ್ಟಿದ್ದು ನಾವಿಬ್ಬರೇ, ಅದೂ ಗುಜರಿಯಿಂದ ತಂದ ಎರಡು ಹಳೆಯ ಸೆಟ್ಟುಗಳಿಂದ. ನನಗೆ ಆಗಷ್ಟೇ ಠಾಣೆಯಲ್ಲಿ ಅಳತೆಯ ಉಪಕರಣಗಳನ್ನು ದುರಸ್ತಿ ಮಾಡುವ ಕಂಪನಿಯಲ್ಲಿ ನೌಕರಿ ಸಿಕ್ಕಿತ್ತು. ಡಬ್ಬಿಗಳನ್ನು ಮಾಡಿಸಿದ್ದು ಎಂಐಡಿಸಿಯ ಲೇತ್ ಅಂಗಡಿಯಲ್ಲಿ. ಅವನ್ನು ನಮ್ಮ ಫ್ರೀಕ್ವೆನ್ಸಿಗೆ ಹೊಂದಿಸಲು ಎಂಟು ರವಿವಾರ ಹಿಡಿಯಿತು. ಪ್ರತಿ ಡಬ್ಬಿಯ ಮೇಲೆ ಒಂದು ಸರಳು ಇರುತ್ತದೆ, ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಬೇಕು. ಒಂದನ್ನು ಸರಿಪಡಿಸಿದರೆ ಪಕ್ಕದ್ದು ಕೆಡುತ್ತದೆ. ನಮ್ಮಲ್ಲಿ ಆಗ ಒಳ್ಳೆಯ ಉಪಕರಣ ಇರಲಿಲ್ಲ, ಕಾಕಾ ಬಹುತೇಕ ಕಿವಿಯಿಂದಲೇ ಮಾಡಿದರು. ಕಣ್ಣು ಮುಚ್ಚಿಕೊಂಡು ಸರಳಿನ ಮೇಲೆ ಎರಡು ಬೆರಳಿಟ್ಟು, ಬಿಸಿಲಲ್ಲಿ ತಲೆಗೆ ಪಂಚೆ ಸುತ್ತಿ ಕೂತಿರುತ್ತಿದ್ದರು. ಆ ಎಂಟು ರವಿವಾರಗಳು ನನ್ನ ಆಯುಷ್ಯದ ಒಳ್ಳೆಯ ದಿನಗಳೆಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಬೆಳಿಗ್ಗೆ ಆರೂವರೆಯ ಹಾಜರಿ ಶುರುವಾಯಿತು. ಲೋಕಲ್ ಹಿಡಿಯುವ ಮೊದಲು ಹತ್ತು ಹದಿನೈದು ನಿಮಿಷ ಕನ್ನಡದವರು ಒಬ್ಬೊಬ್ಬರಾಗಿ ಬಂದು ಊರು ಹೇಳುವುದು, ತಿಂಡಿ ಹೇಳುವುದು. ತಿಂಡಿ ಹೇಳುವ ಪದ್ಧತಿ ಕಾಕಾರದ್ದು. "ಕೇಳ್ತದಾ ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ತಿಂಡಿ ಎಂತ ಅಂತ ತಿರುಗಿ ಹೇಳ್ಲಿ, ಆಗ ಕೇಳಿದ್ದು ನಿಜ," ಎಂದು ಅವರ ವಾದ. ಹೀಗಾಗಿ ಕಲ್ಯಾಣದವರು ಅವಲಕ್ಕಿ ಎಂದರೆ ಐರೋಲಿಯವರು ಅವಲಕ್ಕಿ ಎಂದು ಮರಳಿ ಹೇಳಬೇಕು. ನಮ್ಮ ಮನೆಯಲ್ಲಿ ವಾರದಲ್ಲಿ ನಾಲ್ಕು ದಿನ ಉಪ್ಪಿಟ್ಟು. ಅದಕ್ಕಾಗಿ ನನ್ನನ್ನು ಆಡಿಕೊಳ್ಳದವರಿಲ್ಲ.

ಹೋಟೆಲನ್ನು ಮಗನಿಗೆ ವಹಿಸಿದ ಮೇಲೆ ಕಾಕಾ ಗಲ್ಲೆಯ ಕೆಳಗಿನ ಆ ಹಳೆಯ ಸೆಟ್ಟನ್ನು ಠಾಕುರ್ಲಿಯ ಮನೆಗೆ ಒಯ್ದು ಕಿಟಕಿಯ ಹತ್ತಿರ ಇಟ್ಟುಕೊಂಡರು. ಹೊಸದು ತೆಗೆದುಕೊಳ್ಳಿ ಎಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಹಾಜರಿಗೆ ಮೊದಲು ಬರುವವರೂ ಕೊನೆಗೆ ಹೋಗುವವರೂ ಅವರೇ. ಒಮ್ಮೊಮ್ಮೆ ಮಾತು ಲಂಬಿಸಿ ಯಾರದಾದರೂ ಏಳೂ ಹತ್ತರ ಲೋಕಲ್ ತಪ್ಪಿಸುತ್ತಿದ್ದರು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಒಂದು ಮಳೆಗಾಲ ನಮ್ಮ ಪೆಟ್ಟಿಗೆಗೆ ನೀರು ಹೊಕ್ಕು ರಿಪೀಟರ್ ತಿಂಗಳುಗಟ್ಟಲೆ ಬಂದ್ ಬಿತ್ತು. ಅದೇ ಹೊತ್ತಿಗೆ ನವಿ ಮುಂಬಯಿಯ ಕೆಲವರು ಬೇಲಾಪುರದ ಗುಡ್ಡದ ಮೇಲೆ ಹೊಸ ರಿಪೀಟರ್ ಇಡುವ ತಯಾರಿಯಲ್ಲಿದ್ದರು. ಅವರ ಮುಖ್ಯಸ್ಥರು ಬೆಂಗಳೂರಿನಿಂದ ಬಂದು ನೆಲೆಸಿದ ಒಬ್ಬ ಎಂಜಿನಿಯರ್. ಪಾಪ, ಅವರು ವಾರಗಟ್ಟಲೆ ಕಿವಿಗೊಟ್ಟು ಕೇಳಿದರು, ಏನೂ ಕೇಳಿಸಲಿಲ್ಲ, ಈ ಫ್ರೀಕ್ವೆನ್ಸಿ ಖಾಲಿ ಇದೆ ಎಂದುಕೊಂಡರು. ಮರುವರ್ಷದ ಬೇಸಿಗೆಯಲ್ಲಿ ನಾವು ದುರಸ್ತಿ ಮಾಡಿ ಮತ್ತೆ ಚಾಲೂ ಮಾಡಿದಾಗ ಎರಡು ರಿಪೀಟರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಎದುರುಬದುರು ನಿಂತಿದ್ದವು.

ಆಮೇಲಿನ ಗದ್ದಲ ಕೇಳಬೇಡಿ. ಠಾಣೆಯವರು ಬಟನ್ ಒತ್ತಿದರೆ ಎರಡೂ ರಿಪೀಟರ್‌ಗಳು ಒಟ್ಟಿಗೆ ಎದ್ದು ಮಾತಾಡುತ್ತಿದ್ದವು. ನಡುವೆ ಇದ್ದವರ ಕಿವಿಗೆ ಬೀಳುತ್ತಿದ್ದುದು ಬರೀ ಕುಯ್ಯೋ ಎಂಬ ಸೀಟಿ. ಬೇಲಾಪುರದವರು ಮಾತಾಡುತ್ತಿದ್ದರೆ ಅದರ ಮೇಲೆ ನಮ್ಮ ಕಲ್ಯಾಣದ ಅವಲಕ್ಕಿ ಬಂದು ಬೀಳುತ್ತಿತ್ತು. ಒಂದು ದಿನ ಪನ್ವೇಲಿನ ಮರಾಠಿ ಗೃಹಸ್ಥರೊಬ್ಬರು ನಡುವೆ ನುಗ್ಗಿ, "ಅಹೋ, ತುಮಚಾ ನಾಶ್ತಾ ರೋಜ್ ಪನ್ವೇಲ್‌ಪರ್ಯಂತ್ ಯೇತೋಯ್!", ನಿಮ್ಮ ತಿಂಡಿ ದಿನಾ ಪನ್ವೇಲಿನವರೆಗೂ ಬರುತ್ತಿದೆ, ಎಂದು ಗುಡುಗಿದರು. ಇಂದು ಅದನ್ನು ನೆನೆದರೆ ನಗು ಬರುತ್ತದೆ. ಅಂದು ನನಗೆ ಮೈಯೆಲ್ಲ ಉರಿದಿತ್ತು.

ಠಾಣೆಯ ತಲಾವ್ ಪಾಳಿಯ ಹತ್ತಿರ ಒಂದು ಹೋಟೆಲಿನಲ್ಲಿ ಆ ಎಂಜಿನಿಯರನ್ನು ಭೇಟಿಯಾದೆ. ಮನುಷ್ಯ ಮೆತ್ತಗಿನವರು. ನಕ್ಷೆ ತಂದಿದ್ದರು, ಯಾವ ಗುಡ್ಡದಿಂದ ಎಲ್ಲಿಯವರೆಗೆ ಸಿಗ್ನಲ್ ಬರುತ್ತದೆಂದು ಬಣ್ಣ ಹಚ್ಚಿದ್ದರು. ಇನ್ನೊಂದು ಫ್ರೀಕ್ವೆನ್ಸಿ ಜೋಡಿ ಖಾಲಿಯಿದೆ, ಇಬ್ಬರಲ್ಲಿ ಒಬ್ಬರು ಅಲ್ಲಿಗೆ ಹೋದರೆ ಮುಗಿಯಿತು ಎಂದರು.

"ನಮ್ಮ ಡಬ್ಬಿಗಳು ಫ್ಯಾಕ್ಟರೀಲೇ ಟ್ಯೂನ್ ಮಾಡಿ ಸೀಲ್ ಹಾಕಿರೋದು ಮೇಡಂ, ಅದನ್ನ ಬಿಚ್ಚೋಕಾಗಲ್ಲ," ಎಂದರು. "ನಿಮ್ಮದು ಹೇಗೂ ಕೈಯಲ್ಲಿ ಮಾಡಿದ್ದಲ್ವಾ? ನೀವು ಸರಿದ್ರೆ ಸುಲಭ."

ಕೈಯಲ್ಲಿ ಮಾಡಿದ್ದಲ್ವಾ! ಅವರು ಅದನ್ನು ಹಗುರಾಗಿ ಹೇಳಲಿಲ್ಲವೆಂದು ಈಗ ಗೊತ್ತಿದೆ. ಆದರೆ ನನ್ನ ಕಣ್ಣ ಮುಂದೆ ತಲೆಗೆ ಪಂಚೆ ಸುತ್ತಿದ ಕಾಕಾ ಬಂದು ಕೂತುಬಿಟ್ಟರು.

"ಮೊದಲ ಬಂದಾವ್ರು ನಾವು," ಎಂದೆ. "ಹಿಂದಿಂದ ಬಂದಾವ್ರು ಸರೀಬೇಕು. ನಮ್ಮ ಡಬ್ಬಿಗೆ ಯಾರೂ ಕೈ ಹಚ್ಚೂದಿಲ್ಲ."

ದಿನಾ ಲೋಕಲ್‌ನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳು ಬಂದು "ಜರಾ ಸರಕೋ" ಎಂದರೆ ಮಾತಿಲ್ಲದೆ ಸರಿಯುವವಳು ನಾನು. ಅವತ್ತು ಮಾತ್ರ ಕಲ್ಲಿನ ಹಾಗೆ ಕೂತೆ. ಕೊನೆಗೆ ಇಬ್ಬರೂ ನಡುದಾರಿ ಹಿಡಿದೆವು. ಎರಡೂ ರಿಪೀಟರ್‌ಗಳಿಗೆ ಬೇರೆ ಬೇರೆ ಟೋನ್ ಹಾಕುವುದು. ಟೋನ್ ಎಂದರೆ ಮಾತಿನ ಅಡಿಯಲ್ಲಿ ಸೆಟ್ಟು ತಾನಾಗಿ ಸೇರಿಸುವ, ಕಿವಿಗೆ ಬೀಳದಷ್ಟು ತಗ್ಗಿನ ಒಂದು ಸದ್ದು. ತನ್ನ ಟೋನ್ ಇದ್ದವರಿಗೆ ಮಾತ್ರ ರಿಪೀಟರ್ ಬಾಗಿಲು ತೆಗೆಯುತ್ತದೆ, ಉಳಿದವರು ಎಷ್ಟು ಕೂಗಿದರೂ ಅದಕ್ಕೆ ಕಿವುಡು. ಒಂಥರ ಬೀಗ. ಹೊಸ ಸೆಟ್ಟುಗಳಲ್ಲಿ ಎರಡು ಬಟನ್ ಒತ್ತಿದರೆ ಟೋನ್ ಬರುತ್ತದೆ.

ಕಾಕಾರ ಹಳೆಯ ಸೆಟ್ಟಿನಲ್ಲಿ ಟೋನ್ ಇಲ್ಲ. ಅದಕ್ಕೆ ಒಂದು ಚಿಕ್ಕ ಬೋರ್ಡು ತಂದು ಒಳಗೆ ಬೆಸುಗೆ ಹಾಕಬೇಕು. ಇದು ನನಗೆ ಗೊತ್ತಿಲ್ಲದೆ ಆದದ್ದಲ್ಲ, ಚೆನ್ನಾಗಿ ಗೊತ್ತಿತ್ತು. ಬೋರ್ಡನ್ನು ಮುಂಬಯಿಗೆ ಹೋಗಿ ಖರೀದಿಸಿ ತಂದೂ ಆಗಿತ್ತು. ಅದು ನನ್ನ ಟಿಫಿನ್ ಚೀಲದಲ್ಲಿ ದಿನಾ ಡೊಂಬಿವಲಿಯಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ ಓಡಾಡುತ್ತಿತ್ತು. ಠಾಕುರ್ಲಿ ಒಂದೇ ಸ್ಟೇಶನ್ ಮುಂದೆ. ನಾನು ಹೋಗಲಿಲ್ಲ. ಯಾಕೆಂದರೆ ಹೋದರೆ ನಡೆದದ್ದನ್ನೆಲ್ಲ ಹೇಳಬೇಕು, ಹೇಳಿದರೆ ಕಾಕಾ "ನಾವು ಸರಿಯುವ" ಎಂದುಬಿಡುತ್ತಾರೆ. ಅವರು ಹಾಗೆ ಹೇಳುತ್ತಾರೆಂದು ಖಾತ್ರಿ ಇದ್ದುದಕ್ಕೇ ಎಂಜಿನಿಯರನ್ನು ಭೇಟಿಯಾಗುವ ಮೊದಲೂ ಅವರನ್ನು ಕೇಳಿರಲಿಲ್ಲ.

ಟೋನ್ ಹಾಕುವ ದಿನ ಗೊತ್ತಾಯಿತು. ಮೊಬೈಲ್ ಗ್ರೂಪಿನಲ್ಲಿ ಎಲ್ಲರಿಗೂ ತಿಳಿಸಿದೆ. ಕಾಕಾರ ಬಳಿ ಇದ್ದದ್ದು ಬಟನ್ ಫೋನು, ಅವರು ಗ್ರೂಪಿನಲ್ಲಿಲ್ಲ. "ಕಾಕಾಗ ನಾ ಹೇಳ್ತೇನಿ," ಎಂದು ನಾನೇ ಬರೆದೆ, ಹೀಗಾಗಿ ಬೇರೆ ಯಾರೂ ಹೇಳಲಿಲ್ಲ. ಅದೂ ಅಲ್ಲದೆ ಪ್ರತಿ ವರ್ಷ ಕೃಷ್ಣಾಷ್ಟಮಿಗೆ ಹತ್ತು ಹದಿನೈದು ದಿನ ಮೊದಲೇ ಅವರು ಉಡುಪಿಗೆ ಹೋಗಿ, ತಿಂಗಳು ಇದ್ದು ಬರುತ್ತಿದ್ದರು. ನಾನು ಟೋನ್ ಹಾಕಿದ ಮರುದಿನದಿಂದ ಹಾಜರಿಯಲ್ಲಿ ಅವರ ದನಿ ಇರಲಿಲ್ಲ. ಈ ಸಲ ಸ್ವಲ್ಪ ಬೇಗ ಹೋದರು ಎಂದು ಎಲ್ಲರೂ ಮನಸ್ಸಿನಲ್ಲೇ ಅಂದುಕೊಂಡೆವು. ನಿಜ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಅವರು ತಿರುಗಿ ಬರುವಷ್ಟರಲ್ಲಿ ಬೋರ್ಡು ಹಾಕಿದರಾಯಿತು ಎಂದು ನಿಶ್ಚಿಂತೆಯಿಂದ ಇದ್ದೆ.

ಹಾಜರಿ ನಿರಾತಂಕವಾಗಿ ನಡೆಯಿತು. ಸೀಟಿ ಕಡಿಮೆಯಾಗಿತ್ತು, ಪನ್ವೇಲಿನವರ ಕಾಟ ತಪ್ಪಿತ್ತು. ಎಲ್ಲರೂ ಗ್ರೂಪಿನಲ್ಲಿ ನನ್ನನ್ನು ಹೊಗಳಿದರು. ನಾನೂ ಉಬ್ಬಿದೆ.

ಮೂರನೆಯ ವಾರದ ಒಂದು ಸಂಜೆ ಮಳೆ ಜೋರಾಗಿ, ಸ್ಟೇಶನ್‌ನಿಂದ ರಿಕ್ಷಾ ಸಿಗದೆ, ಕಾಫಿ ಕುಡಿಯೋಣವೆಂದು ಅದೇ ಹೋಟೆಲಿಗೆ ಹೋದೆ. ಗಲ್ಲೆಯಲ್ಲಿ ಕಾಕಾರ ಮಗ ಕೂತಿದ್ದ. ಇಲ್ಲಿಯೇ ಹುಟ್ಟಿ ಬೆಳೆದವನು, ಕನ್ನಡ ಅರ್ಧ, ಹಿಂದಿ ಅರ್ಧ.

"ಕಾಕಾ ಊರಿಂದ ಯಾವಾಗ ಬರ್ತಾರಪಾ?" ಎಂದು ಕೇಳಿದೆ.

"ಊರಿಂದ? ಅಪ್ಪ ಎಲ್ಲಿಗೂ ಹೋಗ್ಲಿಲ್ಲ ದೀದಿ. ಘುಟ್ನೇ ಕಾ ಪ್ರಾಬ್ಲಮ್ ಹೈ ನಾ, ಡಾಕ್ಟರ್ ಮೆಟ್ಟಿಲು ಬೇಡ ಅಂದಿದ್ದಾರೆ." ಆಮೇಲೆ ಅವನೇ ನಕ್ಕು ಹೇಳಿದ, "ನಿಮಗೆ ಗೊತ್ತುಂಟಲ್ಲ, ರೋಜ್ ಸುಬಹ್ ನಿಮ್ಮ ಹತ್ರನೇ ಮಾತಾಡ್ತಾರಲ್ಲ ರೇಡಿಯೋದಲ್ಲಿ."

ಕಾಫಿ ಬಂದಿತ್ತು. ಅದನ್ನು ಅಲ್ಲೇ ಬಿಟ್ಟು ಎದ್ದೆ.

ಮಳೆಯಲ್ಲೇ ಓಡಿ ಪ್ಲಾಟ್‌ಫಾರ್ಮಿಗೆ ಹೋಗಿ ಕಲ್ಯಾಣ ಲೋಕಲ್ ಹತ್ತಿದೆ. ಠಾಕುರ್ಲಿಗೆ ಮೂರು ನಿಮಿಷದ ದಾರಿ. ಬಾಗಿಲ ಕಂಬ ಹಿಡಿದು ನಿಂತಾಗ ಇನ್ನೊಂದು ಸಂಗತಿ ಹೊಳೆಯಿತು. ನನ್ನ ಸೆಟ್ಟಿನಲ್ಲಿ ಒಂದು ಬಟನ್ ಇದೆ. ಅದನ್ನು ಒತ್ತಿದರೆ ರಿಪೀಟರ್ ಹೇಳುವುದರ ಬದಲು, ರಿಪೀಟರಿಗೆ ಜನ ಹೇಳುವುದನ್ನೇ ನೇರವಾಗಿ ಕೇಳಬಹುದು. ನನ್ನ ಮನೆಯಿಂದ ಕಾಕಾರ ಮನೆ ದೂರವೇನಲ್ಲ, ಅವರ ಆಂಟೆನಾ ನಮ್ಮ ಬಾಲ್ಕನಿಯ ದಿಕ್ಕಿಗೇ ಇದೆ. ಇಷ್ಟು ದಿನಗಳಲ್ಲಿ ಒಂದೇ ಒಂದು ಸಲ ಆ ಬಟನ್ ಒತ್ತಿದ್ದರೆ ಅವರ ದನಿ ಗಂಟೆ ಬಾರಿಸಿದಂತೆ ಕೇಳುತ್ತಿತ್ತು. ಒತ್ತಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಕಾಕಾ ಕಿಟಕಿಯ ಹತ್ತಿರ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. ಮೇಜಿನ ಮೇಲೆ ಸೆಟ್ಟು, ಪಕ್ಕದಲ್ಲಿ ನೂರು ಪುಟದ ನೋಟ್‌ಬುಕ್ಕು. ನಾನು ಬಾಗಿಲಲ್ಲಿ ನೀರು ಸುರಿಸುತ್ತ ನಿಂತದ್ದನ್ನು ನೋಡಿ, "ಬಾ, ಒರೆಸಿಕೊ," ಎಂದು ಹೆಗಲ ಮೇಲಿದ್ದ ಟವೆಲನ್ನೇ ಕೊಟ್ಟರು. ಮುಖದಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಕಾಕಾ, ನೀವು ದಿನಾ ಕರೀತಿದ್ರೇನ್ರಿ?"

"ಕರೆದೆ. ಹತ್ತೊಂಬತ್ತು ದಿನ ಆಯ್ತು ಇವತ್ತಿಗೆ." ನೋಟ್‌ಬುಕ್ಕನ್ನು ನನ್ನ ಕಡೆಗೆ ಸರಿಸಿದರು. ದಿನಕ್ಕೊಂದು ಸಾಲು. ಯಾರು ಯಾರು ಬಂದಿದ್ದರು, ಯಾರ ಮನೆಯಲ್ಲಿ ಏನು ತಿಂಡಿ, ಎಲ್ಲ ಬರೆದಿದ್ದರು. ನಮ್ಮ ಮಾತು ಅವರಿಗೆ ಪೂರ್ತಿ ಕೇಳುತ್ತಿತ್ತು. ಬೀಗ ಇದ್ದದ್ದು ಅವರ ಮಾತು ಒಳಗೆ ಬರುವ ಬಾಗಿಲಿಗೆ ಮಾತ್ರ. ಪ್ರತಿ ಸಾಲಿನ ಕೊನೆಗೆ ತಮ್ಮ ಊರು, ತಮ್ಮ ತಿಂಡಿ. ಹಾಜರಿ ಹಾಕಿದ್ದರು.

"ಮೊದಲನೇ ದಿನವೇ ಗೊತ್ತಾಯ್ತು," ಎಂದರು. "ಬಾಲ ಬರ್ಲಿಲ್ಲ."

ನಾವು ಮಾತು ಮುಗಿಸಿ ಬಟನ್ ಬಿಟ್ಟ ಮೇಲೂ ರಿಪೀಟರ್ ತಟ್ಟನೆ ಮುಚ್ಚಿಕೊಳ್ಳುವುದಿಲ್ಲ. ಒಂದೆರಡು ಕ್ಷಣ ಉಸಿರು ಬಿಟ್ಟಂತೆ ಸುಂಯ್ ಎನ್ನುತ್ತಿದ್ದು ಆಮೇಲೆ ಟಪ್ ಎಂದು ಮುಚ್ಚುತ್ತದೆ. ಅದನ್ನೇ ಬಾಲ ಎನ್ನುತ್ತಿದ್ದರು ಕಾಕಾ. ಎದುರಿಗೆ ಯಾರೂ ಇಲ್ಲದಿದ್ದರೂ ಬಾಲ ಬಂದರೆ ನಮ್ಮ ದನಿ ಮುಟ್ಟಿತೆಂದು ಅರ್ಥ.

"ಆಂಟೆನಾ ಹಾಳಾಯ್ತಾ ಅಂತ ಮಗನನ್ನು ಟೆರೇಸಿಗೆ ಕಳಿಸಿದೆ. ಸರಿ ಉಂಟು ಅಂದ. ಮತ್ತೆ ಆಂಟೆನಾ ಬದಲು ಸೆಟ್ಟಿಗೆ ಬಲ್ಬು ಕಟ್ಟಿ ನೋಡಿದೆ. ಬಟನ್ ಒತ್ತಿದ್ರೆ ಬಲ್ಬು ಉರೀತದೆ. ಅಂದ್ರೆ ನನ್ನಲ್ಲಿ ದೋಷ ಇಲ್ಲ. ಮತ್ತೆ ಉಳಿದದ್ದು ನೀವೇ."

"ಒಂದ್ ಫೋನ್ ಮಾಡಬಾರದೇನ್ರಿ ಕಾಕಾ?"

"ಮಾಡಿ ಎಂತ ಹೇಳುದು? ನನ್ನನ್ನು ಒಳಗೆ ಬಿಡಿ ಅಂತವಾ?" ಎಣ್ಣೆಯ ಬಾಟಲಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಮುದುಕ ಮಾತಾಡಿ ಮಾತಾಡಿ ಎಲ್ಲರ ಲೋಕಲ್ ತಪ್ಪಿಸ್ತಾನೆ ಅಂತ ಬೇಕು ಅಂತ್ಲೇ ಟೋನ್ ಹಾಕಿದ್ರೆ? ಹಾಗೆ ಒಂದು ಯೋಚನೆ ಬಂತು ನೋಡು."

ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಅಳುತ್ತಲೇ ಎಲ್ಲ ಹೇಳಿದೆ: ಬೇಲಾಪುರ, ಠಾಣೆಯ ಭೇಟಿ, ಕೈಯಲ್ಲಿ ಮಾಡಿದ್ದಲ್ವಾ ಎಂಬ ಮಾತು, ನಾನು ಕಲ್ಲಿನ ಹಾಗೆ ಕೂತದ್ದು, ಟಿಫಿನ್ ಚೀಲದಲ್ಲಿ ಈಗಲೂ ಇರುವ ಬೋರ್ಡು. ಬೋರ್ಡನ್ನು ತೆಗೆದು ಮೇಜಿನ ಮೇಲಿಟ್ಟೆ, ಈಗಲೇ ಹಾಕಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ ಎಂದೆ.

ಕಾಕಾ ಬೋರ್ಡನ್ನು ಎತ್ತಿ ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ಕೆಳಗಿಟ್ಟರು.

"ಇದು ಬೇಡ. ಟೋನ್ ಹಾಕಿದ್ರೆ ಜಗಳ ನಮ್ಮ ಕಿವಿಗೆ ಬೀಳುದಿಲ್ಲ, ಅಷ್ಟೆ. ಜಗಳ ನಿಲ್ಲುದಿಲ್ಲ. ಇಬ್ಬರೂ ಒಟ್ಟಿಗೆ ಮಾತಾಡಿದ್ರೆ ನಡುವೆ ದಿವಾದಲ್ಲಿ, ಶೀಳ್ ರಸ್ತೆಯಲ್ಲಿ ಇದ್ದವನಿಗೆ ಈಗಲೂ ಸೀಟಿಯೇ ಅಲ್ವಾ?"

ಅವರ ಮಾತು ನಿಜ. ಶೀಳ್ ರಸ್ತೆಯ ಒಬ್ಬರು ವಾರದಿಂದ ಅದನ್ನೇ ಹೇಳುತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಅವರು ಬಿಚ್ಚುವ ಹಾಗಿಲ್ಲ, ನಾವು ಬಿಚ್ಚಬಹುದು. ನಾವು ಸರಿಯುವ."

"ನೀವು ಎಂಟು ರವಿವಾರ ಕುಂತು ಹೊಂದಿಸಿದ ಡಬ್ಬಿ ರೀ ಕಾಕಾ ಅವು!"

"ಡಬ್ಬಿ ಮಾರಾಯ್ತಿ, ಅದು ಡಬ್ಬಿ," ಎಂದು ಕಾಕಾ ಮೊದಲ ಸಲ ನಕ್ಕರು. "ಅದನ್ನು ಕಾಯ್ಲಿಕ್ಕೆ ನನ್ನನ್ನು ಹೊರಗೆ ನಿಲ್ಲಿಸಿದೆಯಲ್ಲ."

ಆ ರಾತ್ರಿಯೇ ರಿಪೀಟರ್ ಬಂದ್ ಮಾಡಿದೆ, ಮುಂದಿನ ರವಿವಾರ ಡಬ್ಬಿಗಳನ್ನು ರಿಕ್ಷಾದಲ್ಲಿ ಹೇರಿಕೊಂಡು ಠಾಕುರ್ಲಿಗೆ ಒಯ್ದೆ. ಕಾಕಾ ಮೆಟ್ಟಿಲು ಹತ್ತುವಂತಿರಲಿಲ್ಲ, ಹೀಗಾಗಿ ಟೆರೇಸೇ ಅವರ ಊಟದ ಮೇಜಿಗೆ ಬರಬೇಕಾಯಿತು. ಬೇಲಾಪುರದ ಎಂಜಿನಿಯರಿಗೆ ಫೋನ್ ಮಾಡಿ, ನನ್ನ ಸೊಕ್ಕು ಇಳಿಸಿಕೊಂಡು, ನಾವು ಸರಿಯುತ್ತೇವೆ ಎಂದೆ. ಅವರು ಒಂದು ಮಾತೂ ಚುಚ್ಚಲಿಲ್ಲ. ತಮ್ಮ ಅಳತೆಯ ಉಪಕರಣವನ್ನು ಸ್ವೆಟರಿನಲ್ಲಿ ಸುತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ, ತಾವೇ ಹೊತ್ತು ತಂದರು. ಬಂದವರೇ ಕಾಕಾರ ಕಾಲಿಗೆ ನಮಸ್ಕರಿಸಿದರು.

ಕಾಕಾರ ಬೆರಳು ಈಗ ನಡುಗುತ್ತಿತ್ತು. ಒಂದು ಸರಳು ಮುಟ್ಟಿ ನೋಡಿ ಕೈ ಹಿಂದೆಗೆದುಕೊಂಡರು. "ನೀನೇ ಮಾಡು," ಎಂದರು. ನಾನು ಸರಿಸುತ್ತ ಹೋದೆ. ಎಂಜಿನಿಯರು ಪರದೆ ನೋಡಿ ಅಂಕಿ ಹೇಳುತ್ತಿದ್ದರು, ಕಾಕಾ ಕಣ್ಣು ಮುಚ್ಚಿಕೊಂಡು "ಇನ್ನೂ ಸ್ವಲ್ಪ... ಸಾಕು ಸಾಕು... ಕೂದಲಷ್ಟು ಹಿಂದೆ" ಎನ್ನುತ್ತಿದ್ದರು. ಅಂಕಿಗಿಂತ ಮೊದಲು ಅವರ "ಸಾಕು" ಬರುತ್ತಿತ್ತು. ಎಂಟು ರವಿವಾರದ ಕೆಲಸ ಊಟದ ಹೊತ್ತಿಗೆ ಮುಗಿಯಿತು. ನಾಲ್ಕು ಗಂಟೆಗೆ ನಾನೂ ಎಂಜಿನಿಯರೂ ಡಬ್ಬಿಗಳನ್ನು ನಮ್ಮ ಕಟ್ಟಡದ ನಾಲ್ಕು ಅಂತಸ್ತು ಹತ್ತಿಸಿ, ತಂತಿ ಜೋಡಿಸಿ, ಹೊಸ ಫ್ರೀಕ್ವೆನ್ಸಿಗೆ ಹಚ್ಚಿದೆವು. ಟೋನ್ ತೆಗೆದುಹಾಕಿದೆ. ಬೀಗವಿಲ್ಲ, ಯಾರು ಬೇಕಾದರೂ ಬರಬಹುದು.

ಮೊದಲು ಯಾರು ಕರೆಯಬೇಕೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕಲ್ಯಾಣ, ಐರೋಲಿ, ಠಾಣೆ, ಎಲ್ಲರೂ ಸೆಟ್ಟು ಹಚ್ಚಿಕೊಂಡು ಸುಮ್ಮನೆ ಕೂತಿದ್ದರು. ನಾನು ಟೆರೇಸಿನಲ್ಲಿ ಕೈಸೆಟ್ಟು ಹಿಡಿದು ನಿಂತಿದ್ದೆ.

ರಿಪೀಟರ್ ಎದ್ದಿತು. ಮಾತಿಲ್ಲ. ಯಾರೋ ಬಟನ್ ಒತ್ತಿ ಬಿಟ್ಟಿದ್ದರು. ಸುಂಯ್ ಎಂದು, ಟಪ್ ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ, ಮಾತಿಲ್ಲದೆ, ಹಾಗೆಯೇ. ಮೂರನೆಯ ಸಲವೂ. ಹತ್ತೊಂಬತ್ತು ದಿನ ಬರದಿದ್ದದ್ದನ್ನು ಅವರು ಕಿವಿ ತುಂಬ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ತಿಳಿಯಿತು.

"ಬಾಲ ಬಂತು ಮಾರಾಯ್ತಿ," ಎಂದರು ಕಾಕಾ.

ನಾನು ಉತ್ತರ ಕೊಡಬೇಕಿತ್ತು. ಬಟನ್ ಒತ್ತುವ ಬದಲು ತೋಳಿನಿಂದ ಕಣ್ಣೊರೆಸಿಕೊಂಡೆ. ಪಕ್ಕದಲ್ಲಿ ನಿಂತಿದ್ದ ಎಂಜಿನಿಯರು ಆಚೆ ಮುಖ ಮಾಡಿಕೊಂಡರು.

"ಕೇಳ್ತದಾ?" ಎಂದು ಕಾಕಾ ಮತ್ತೆ ಕೇಳಿದರು. ಆ ದನಿಯಲ್ಲಿ ಸ್ವಲ್ಪ ಹೆದರಿಕೆ ಇತ್ತು.

"ಕೇಳಾಕತ್ತೈತ್ರಿ ಕಾಕಾ," ಎಂದೆ. "ಭಾಳ ಚಲೋ ಕೇಳಾಕತ್ತೈತಿ."